ಗಿಡುಗನಕಲ್ಲಿನ ಬಿಳಿ ಹಾಲು

ಬೆಳಿಗ್ಗೆ ಆರೂಮುಕ್ಕಾಲು. ಗಿಡುಗನಕಲ್ಲು ಗುಡ್ಡವನ್ನು ಹಿಂದಿನ ದಿನ ಮೂವರು ಹತ್ತಿದ್ದರು. ಇಳಿದು ಬಂದವರು ಇಬ್ಬರು.

ಆ ಇಬ್ಬರೂ ಈಗ ಭದ್ರಾವತಿಯ ಆಸ್ಪತ್ರೆಯಲ್ಲಿದ್ದರು. ರಾಹಿಲ್‌ನ ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು. ಧರ್ಮೇಂದ್ರನ ಒಂದು ಕಣ್ಣು ಅರ್ಧ ತೆರೆದಿತ್ತು. ಆ ಅರ್ಧ ಕಣ್ಣಿನಲ್ಲೇ ಗೆಳೆಯನ ಕೈ ಹಿಡಿದು, ತಡವರಿಸಿಕೊಂಡು ಅವನು ಡಾಂಬರು ರಸ್ತೆ ಮುಟ್ಟಿದ್ದ. ಮೂರನೆಯವನು ಪ್ರಣವ. ಗುಡ್ಡದ ಮೇಲೆ ಎಲ್ಲೋ ಉಳಿದುಬಿಟ್ಟಿದ್ದ.

ಶೀಲಾ ಶಿವಮೊಗ್ಗದ ಗೋಪಾಳದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಪ್ರಣವ ಅವಳ ಮೈದುನ. ಹೈಸ್ಕೂಲಿನಿಂದ ಅವಳ ಕೈಯಡುಗೆ ಉಂಡು ಬೆಳೆದವನು. ಹತ್ತು ತಿಂಗಳ ಹಿಂದೆ ಅವಳ ಗಂಡ ಪ್ರಸನ್ನಕುಮಾರ್ ಊಟಕ್ಕೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಅಂದಿನಿಂದ ಶೀಲಾಗೆ ಅಳು ಬಂದಿರಲಿಲ್ಲ. ಉಪ್ಪು ಹಾಕಿದರೂ ಒಂದೇ, ಮರೆತರೂ ಒಂದೇ. ಸಾರಿನ ರುಚಿ ನಾಲಗೆಗೆ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಎದೆ ಜೋರಾಗಿ ಬಡಿಯಲಿಲ್ಲ. ಬಡಿಯುತ್ತಿಲ್ಲ ಎಂಬುದನ್ನು ಅವಳು ಗಮನಿಸಿದಳು, ಅಷ್ಟೇ.

“ಏನು ಕಡಿದ್ರಿ ಅಲ್ಲಿ?” ಎಂದು ಧರ್ಮೇಂದ್ರನನ್ನು ಕೇಳಿದಳು.

ಅವನು ಮಂಚದ ಕೆಳಗಿದ್ದ ಪ್ಲಾಸ್ಟಿಕ್ ಚೀಲ ತೋರಿಸಿದ. “ಪ್ರಣವ ಹೇಳಿದ್ದು ಮೇಡಂ. ಪೆರು ದೇಶದಲ್ಲಿ ಕಂಬದ ಹಾಗೆ ಬೆಳೆಯೋ ಕಳ್ಳಿ ಇದೆಯಂತೆ. ಅದನ್ನ ಕುಡಿದ್ರೆ ಸತ್ತವರು ಬಂದು ಮಾತಾಡ್ತಾರಂತೆ. ನಿಮ್ಮ ಟೆರೇಸ್ ಮೇಲಿರೋದನ್ನ ನೀವು ಮುಟ್ಟೋಕೆ ಬಿಡಲಿಲ್ಲ, ಅದೇ ಥರದ್ದು ಗುಡ್ಡದಲ್ಲಿದೆ ಬನ್ನಿ ಅಂದ.”

ಶೀಲಾ ಚೀಲ ತೆರೆದು ಅದರಲ್ಲಿದ್ದ ಕಳ್ಳಿಯ ತುಂಡನ್ನು ಪೆನ್ನಿನ ತುದಿಯಿಂದ ಒತ್ತಿದಳು. ಬಿಳಿ ಹಾಲು ಜಿನುಗಿತು. ಪೆರುವಿನ ಆ ಗಿಡ ಪಾಪಸುಕಳ್ಳಿಯ ಬಳಗದ್ದು; ಕಡಿದರೆ ಒಸರುವುದು ಲೋಳೆಯಂಥ, ಬಣ್ಣವಿಲ್ಲದ ರಸ. ಇದು ಹೊಲದ ಬೇಲಿಗೆ ನೆಡುವ ಚದುರಗಳ್ಳಿ. ಏಣು, ಮುಳ್ಳು, ಕಂಬದಂಥ ನಿಲುವು ಎಲ್ಲವೂ ದೂರದಿಂದ ಅದರಂತೆಯೇ ಕಂಡರೂ ಎರಡಕ್ಕೂ ನಂಟಿಲ್ಲ. ಇದರ ಹಾಲು ಕಣ್ಣಿಗೆ ಬಿದ್ದರೆ ಮೇಲ್ಪದರವನ್ನು ಸುಡುತ್ತದೆ. ತೊಳೆಯಲು ತಡವಾದಷ್ಟೂ ದೃಷ್ಟಿ ಉಳಿಯುವ ಭರವಸೆ ಕಡಿಮೆ.

“ಕಣ್ಣಿಗೆ ಹೇಗೆ ಹೋಯ್ತು?”

“ಮುಳ್ಳು ಚುಚ್ಚುತ್ತೆ ಅಂತ ಟವೆಲ್‌ನಲ್ಲಿ ಹಿಡ್ಕೊಂಡು ಕಡಿದ್ವಿ. ಸೆಕೆ ತಡೆಯೋಕಾಗ್ಲಿಲ್ಲ. ಅದೇ ಟವೆಲ್‌ನಲ್ಲಿ ಮುಖ ಒರೆಸ್ಕೊಂಡ್ವಿ, ಮೂವರೂ.”

“ತಿಂದ್ರಾ?”

“ರಾಹಿಲ್ ಬಾಯಿಗಿಟ್ಟು ಉಗಿದ. ಪ್ರಣವ ನುಂಗಿದ. ಬಾಯೆಲ್ಲ ಉರಿ, ಒಂದೇ ಸಮ ವಾಂತಿ. ಮೇಲಕ್ಕೆ ಓಡ್ಬಿಟ್ಟ ಮೇಡಂ. ಕೂಗಿದ್ರೂ ನಿಲ್ಲಲಿಲ್ಲ.”

ಅಗ್ನಿಶಾಮಕ ದಳಕ್ಕೆ ಫೋನ್ ಹೋಗಿತ್ತು. ಅವರು ಚನ್ನಗಿರಿ ಕಡೆಯ ಬೆಂಕಿಗೆ ಹೋಗಿದ್ದರು, ಬರುವುದು ಮಧ್ಯಾಹ್ನ. ಏಪ್ರಿಲ್ ತಿಂಗಳ ಬಂಡೆ ಅಷ್ಟರೊಳಗೆ ಕಾದ ಕಾವಲಿಯಾಗುತ್ತದೆ.

ಬಾಗಿಲಲ್ಲಿ ರಾಹಿಲ್‌ನ ತಂದೆ ರಸೂಲ್ ಸಾಬ್ ನಿಂತಿದ್ದರು. ಓಲ್ಡ್ ಟೌನ್‌ನಲ್ಲಿ ಗ್ಯಾರೇಜು ಇಟ್ಟುಕೊಂಡವರು. “ಜೀಪ್ ಹೊರಗಿದೆ ಮೇಡಂ. ಲಾರಿ ಎಳೆಯೋ ಹಗ್ಗಾನೂ ಹಾಕಿದ್ದೀನಿ.”

“ನೀವು ಮಗನ ಹತ್ರ ಇರಿ ಸಾಬ್ರೇ.”

“ಇವನ ಹತ್ರ ಅಮ್ಮಿ ಇದ್ದಾಳೆ, ಡಾಕ್ಟರ್ ಇದ್ದಾರೆ. ಆ ಹುಡುಗನ ಹತ್ರ ಯಾರಿದ್ದಾರೆ?”

ಮಗನ ಕಣ್ಣಿಗೆ ಒದ್ದೆ ಹತ್ತಿ ಇಡುತ್ತಿದ್ದ ರೋಶನ್ ಬೀ ತಿರುಗಿ ನೋಡದೆಯೇ ಹೇಳಿದರು: “ಹೋಗಿ ಬನ್ನಿ. ನೀರು ಜಾಸ್ತಿ ತಗೊಳ್ಳಿ.”

ನಾಲೆಯ ಏರಿ ದಾಟಿದ ಮೇಲೆ ಗದ್ದೆಗಳು ಮುಗಿದು ಕುರುಚಲು ಕಾಡು ಶುರುವಾಯಿತು. ಎಲೆ ಉದುರಿಸಿದ ತೇಗದ ಮರಗಳು, ಸುಟ್ಟು ಕಪ್ಪಾದ ಹುಲ್ಲು, ನಡುನಡುವೆ ಒಂದೊಂದು ಮುತ್ತುಗ ಮಾತ್ರ ಕೊನೆಯ ಕೆಂಪು ಹೂ ಹಿಡಿದುಕೊಂಡಿತ್ತು. ದೂಳಿನ ದಾರಿಯ ಕೊನೆಗೆ ಗಿಡುಗನಕಲ್ಲು ಎದ್ದು ನಿಂತಿತ್ತು: ಬುಡದಲ್ಲಿ ಲಂಟಾನ ಪೊದೆ, ಮೇಲೆ ಒಂದೇ ಬೋಳು ಬಂಡೆ, ಬಂಡೆಯ ಸೀಳುಗಳಲ್ಲಿ ಗುಂಪುಗುಂಪಾಗಿ ಚದುರಗಳ್ಳಿ. ಕೆಳಗಿನಿಂದ ನೋಡಿದರೆ ಯಾರೋ ಹಸಿರು ಕಂಬಗಳನ್ನು ನೆಟ್ಟು ಚಪ್ಪರ ಹಾಕುವುದನ್ನು ಮರೆತುಹೋದಂತಿತ್ತು.

ಅರಣ್ಯ ಇಲಾಖೆಯ ವಾಚರ್ ಹುಲಿಯಪ್ಪ ಗುಡ್ಡದ ಬುಡದಲ್ಲಿ ಕಾಯುತ್ತಿದ್ದ. ಹೆಗಲ ಮೇಲೆ ಎರಡು ಕಂಬಳಿ. ಜೀಪಿನಿಂದಿಳಿದ ರಸೂಲ್ ಸಾಬರ ಹತ್ತಿರ ಬಂದು ಮೂಗು ಸುಕ್ಕು ಮಾಡಿದ.

“ಏನು ಸಾಬ್ರೇ, ಮದುವೆಗೆ ಬಂದ್ರಾ?”

“ಶುಕ್ರವಾರ ಅಲ್ವೇನಪ್ಪ. ಎದ್ದ ತಕ್ಷಣ ಒಂದು ತೊಟ್ಟು ಅತ್ತರ್ ಹಚ್ಕೊಂಡಿದ್ದೆ, ಆಮೇಲೆ ಫೋನ್ ಬಂತು.”

“ಮೇಲೆ ಹೆಜ್ಜೇನಿದೆ ಮಾರಾಯ್ರೇ. ನಿಮ್ಮ ಅತ್ತರಿಗೆ ಇಡೀ ದಿಬ್ಬಣ ಎದ್ದು ಬರುತ್ತೆ. ಮಣ್ಣು ಉಜ್ಜಿ. ಕಿವಿ ಹಿಂದೆ, ಕುತ್ತಿಗೆಗೆ, ಚೆನ್ನಾಗಿ ಉಜ್ಜಿ.”

ರಸೂಲ್ ಸಾಬ್ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಹುಲಿಯಪ್ಪ ಶೀಲಾಳ ಕೈಬಳೆ ತೆಗೆಸಿದ. ಏರುದನಿ ಬೇಡ, ಓಟ ಬೇಡ, ಬೀಡಿ ಬೇಡ. ಜೇನು ಎದ್ದರೆ ಕಂಬಳಿ ಹೊದ್ದು ಬೋರಲು ಬೀಳಬೇಕು, ಕೈ ಬೀಸಬಾರದು. ಇಷ್ಟು ಹೇಳಿ ಮುಂದೆ ನಡೆದ.

ಹತ್ತುವ ದಾರಿ ಒಂದು ಕೊರಕಲು. ಸಡಿಲ ಕಲ್ಲು, ಒಣಗಿದ ತರಗು. ಹುಲಿಯಪ್ಪ ಹೆಜ್ಜೆಯಿಟ್ಟಲ್ಲೇ ಶೀಲಾ ಹೆಜ್ಜೆಯಿಟ್ಟಳು. ಬೆನ್ನಿನ ಚೀಲದಲ್ಲಿ ನೀರಿನ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡದಂತೆ ನಡುವೆ ದುಪ್ಪಟ್ಟಾ ತುರುಕಿದ್ದಳು.

ಅರ್ಧ ದಾರಿಯಲ್ಲಿ ಹುಲಿಯಪ್ಪ ಕೈ ಎತ್ತಿದ.

ತಲೆಯ ಮೇಲೆ ಬಂಡೆ ಮುಂಚಾಚಿತ್ತು. ಅದರ ಅಡಿಯಲ್ಲಿ ಕಪ್ಪು ಜೇನುಹುಟ್ಟುಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದೂ ಎತ್ತಿನಗಾಡಿಯ ಚಕ್ರದಷ್ಟು. ಅವುಗಳ ಮೈಮೇಲೆ ಅಲೆಯೊಂದು ಹಾದುಹೋಯಿತು. ಸಾವಿರಾರು ನೊಣ ಒಟ್ಟಿಗೆ ರೆಕ್ಕೆ ಅಲುಗಿಸಿ ಮತ್ತೆ ಸುಮ್ಮನಾದವು.

ಮೂವರೂ ಉಸಿರು ಬಿಗಿಹಿಡಿದು ಕೆಳಗೆ ನುಸುಳಿದರು. ಏನೂ ಆಗಲಿಲ್ಲ.

ನೆತ್ತಿಯ ಮೇಲೆ ಗಾಳಿಯಿತ್ತು. ಪಶ್ಚಿಮಕ್ಕೆ ಬಂಡೆ ಇಳಿಜಾರಾಗಿ ಜಾರಿ, ಒಂದು ಸಣ್ಣ ಚಾಚಿನಲ್ಲಿ ಮುಗಿಯುತ್ತಿತ್ತು. ಅದರಾಚೆ ಬರೀ ಆಕಾಶ. ಆ ಚಾಚಿನ ಅಡಿಯಲ್ಲೇ ಜೇನು. ಚಾಚಿನ ಮೇಲೆ ಪ್ರಣವ.

ಮೊಣಕಾಲೂರಿ ಕುಳಿತಿದ್ದ. ಅಂಗಿ ಕಳಚಿ ಕಣ್ಣಿಗೆ ಕಟ್ಟಿಕೊಂಡಿದ್ದ. ತುಟಿ ಊದಿತ್ತು. ಕೈಯಲ್ಲೊಂದು ಕಲ್ಲು.

ರಸೂಲ್ ಸಾಬರ ಕಾಲಡಿಯಿಂದ ಒಂದು ಹರಳು ಉರುಳಿತು.

“ಹತ್ರ ಬರ್ಬೇಡ!” ಪ್ರಣವ ಕಲ್ಲು ಬೀಸಿ ಎಸೆದ. ಕರಡಿಯೆಂದುಕೊಂಡಿದ್ದ. ಕಲ್ಲು ಬಂಡೆಗೆ ಬಡಿದು ಪುಟಿದು, ಅಂಚು ದಾಟಿ ಕೆಳಗೆ ಹೋಯಿತು. ಅಡಿಯಿಂದ ಗುಂಯ್ ಎನ್ನುವ ಸದ್ದು ಎದ್ದು, ನಿಧಾನಕ್ಕೆ ಇಳಿಯಿತು. ಪ್ರಣವ ತಡಕಾಡಿ ಇನ್ನೊಂದು ಕಲ್ಲು ಹುಡುಕಿಕೊಂಡ. ಹುಡುಕುತ್ತಾ ಅಂಚಿನ ಕಡೆಗೆ ಒಂದು ಗೇಣು ಸರಿದ.

“ಪ್ರಣವ,” ಎಂದು ಶೀಲಾ ಪಿಸುಗುಟ್ಟಿದಳು.

ಅವನ ಕೈ ನಿಂತಿತು. ಪಿಸುಮಾತಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಅವನು ಮುಖ ಮೇಲೆತ್ತಿದ.

“ಅಣ್ಣಾ? ಅಣ್ಣ, ಬಂದ್ಯಾ?”

ಹುಲಿಯಪ್ಪ ಶೀಲಾಳ ಕಿವಿಯ ಬಳಿ ಬಾಗಿದ. “ಹ್ಞೂಂ ಅನ್ನಿ ಮೇಡಂ. ಸುಮ್ನೆ ಕೂತಿರ್ತಾನೆ.”

ಬುದ್ಧಿವಂತಿಕೆಯ ಮಾತೇ. ಒಂದು ಹ್ಞೂಂ ಅಂದರೆ ಸಾಕು. ಆದರೆ ಹಗ್ಗ ಹಿಡಿದು ಕೆಳಗಿಳಿದು ಅವನ ಕೈ ಮುಟ್ಟಿದಾಗ ಅದು ಅಣ್ಣನ ಕೈಯಲ್ಲವೆಂದು ತಿಳಿದೇ ತಿಳಿಯುತ್ತದೆ. ಆ ಸಾವಿನ ಸುದ್ದಿಯನ್ನು ಅವನು ಎರಡನೇ ಸಲ ಕೇಳುವುದು ಬಂಡೆಯ ಅಂಚಿನಲ್ಲಿ. ಶೀಲಾ ಇಷ್ಟನ್ನೂ ಲೆಕ್ಕದಂತೆ ಯೋಚಿಸಿದಳು.

“ಅಲ್ಲ. ನಾನು, ಅತ್ತಿಗೆ. ಅಣ್ಣ ಇಲ್ಲ ಪ್ರಣವ. ಕಲ್ಲು ಕೆಳಗಿಡು. ನಿನ್ನ ಮುಂದೆ ಎರಡು ಹೆಜ್ಜೆಗೆ ಬಂಡೆ ಮುಗಿಯುತ್ತೆ. ಅಲ್ಲಾಡ್ಬೇಡ, ಜೋರಾಗಿ ಮಾತಾಡ್ಬೇಡ. ನಾನು ಬರ್ತೀನಿ.”

ಅವನು ಕಲ್ಲನ್ನು ಪಕ್ಕಕ್ಕಿಟ್ಟು ಬಂಡೆಗೆ ಬೆನ್ನು ಹಚ್ಚಿ ಕುಳಿತ.

ಬಿರುಕಿನಲ್ಲಿ ಬೇರೂರಿದ ಬಸರಿ ಮರಕ್ಕೆ ರಸೂಲ್ ಸಾಬ್ ಹಗ್ಗ ಬಿಗಿದರು. ಇನ್ನೊಂದು ತುದಿಯನ್ನು ಶೀಲಾಳ ಸೊಂಟಕ್ಕೆ ಸುತ್ತಿದರು. “ಇದು ಹದಿನಾರು ಟನ್ ಲಾರಿ ಎಳೆದ ಹಗ್ಗ ಮೇಡಂ. ನಿಮ್ಮದೇನೂ ಭಾರ ಅಲ್ಲ.”

ಅವಳು ಕಂಬಳಿಯೊಂದನ್ನು ಹೆಗಲಿಗೆ ಹಾಕಿ ಹಿಮ್ಮುಖವಾಗಿ ಇಳಿದಳು. ಬಂಡೆ ಆಗಲೇ ಬಿಸಿ. ಅಂಗೈ ಉಜ್ಜಿ ತೊಗಲು ಎದ್ದಿತು. ಕಾಲಿಗೆ ಚಾಚು ಸಿಕ್ಕಿತು.

ಮೊದಲು ಹಗ್ಗದ ಉಳಿದ ತುಂಡಿನಿಂದ ಅವನನ್ನು ತನಗೆ ಕಟ್ಟಿಕೊಂಡಳು. ಆಮೇಲೆ ಅವನ ಕಣ್ಣಿಗೆ ಕಟ್ಟಿದ್ದ ಅಂಗಿ ಬಿಚ್ಚಿ, ತಲೆಯನ್ನು ತೊಡೆಯ ಮೇಲಿಟ್ಟು, ರೆಪ್ಪೆ ಬಿಡಿಸಿ ನೀರು ಸುರಿದಳು. ಕಣ್ಣಿನ ಬಿಳಿ ಭಾಗ ರಕ್ತದ ಉಂಡೆಯಾಗಿತ್ತು. ಪ್ರಣವ ಹಲ್ಲು ಕಚ್ಚಿದ. ಮೂರನೇ ಬಾಟಲಿಯ ಹೊತ್ತಿಗೆ ತಡೆಯಲಾರದೆ ಚೀರಿದ.

ಜೇನು ಎದ್ದಿತು.

ಕೆಳಗಿನಿಂದ ಸದ್ದು ಲಾರಿಯಂತೆ ಏರಿ ಬಂತು. ಶೀಲಾ ಅವನನ್ನು ಬೋರಲು ಕೆಡವಿ, ಮೇಲೆ ಬಿದ್ದು, ಕಂಬಳಿ ಎಳೆದುಕೊಂಡಳು. ಬೆಳಕು ಹೋಯಿತು. ಕಂಬಳಿಯ ಮೇಲೆ ಆಲಿಕಲ್ಲಿನಂತೆ ಟಪಟಪ ಬಡಿತ. ಗಾಳಿಗೆ ಒಂದು ಅಂಚು ಎದ್ದಿತು. ಅವಳು ಬಲಗೈ ಚಾಚಿ ಅದನ್ನು ಬಂಡೆಗೆ ಒತ್ತಿ ಹಿಡಿದಳು. ಕೈ ಹೊರಗೇ ಉಳಿಯಿತು. ಒಂದು ಚುಚ್ಚಿತು. ಮತ್ತೊಂದು. ಆಮೇಲೆ ಎಷ್ಟೆಂದು ತಿಳಿಯಲಿಲ್ಲ.

“ಅತ್ತಿಗೆ,” ಅವಳ ಕೆಳಗಿನಿಂದ ಪ್ರಣವ ಪಿಸುಗುಟ್ಟಿದ, “ಪೆರುವಿನಲ್ಲಿ ಕುಡಿದವರಿಗೆಲ್ಲ ಸತ್ತವರು ಕಾಣ್ತಾರೆ ಅಂತ ನೆಟ್‌ನಲ್ಲಿ ಬರೆದಿದ್ರು.”

“ಅಲ್ಲಿ ಯಾರೂ ಒಬ್ಬರೇ ಕುಡಿಯಲ್ಲ. ಪೆರುವಿನಲ್ಲಿ ವೈದ್ಯ ಇಡೀ ರಾತ್ರಿ ಪಕ್ಕದಲ್ಲಿ ಕೂತಿರ್ತಾನೆ, ಹಾಡ್ತಾನೆ. ಮೆಕ್ಸಿಕೋದಲ್ಲಿ ಇನ್ನೊಂದು ಕಳ್ಳಿ ಇದೆ, ನೆಲಕ್ಕೆ ಅಂಟಿಕೊಂಡಿರುತ್ತೆ. ಹುಯಿಚೋಲ್ ಅನ್ನೋ ಬುಡಕಟ್ಟಿನ ಜನ ಅದಕ್ಕೋಸ್ಕರ ಮರುಭೂಮಿಗೆ ಯಾತ್ರೆ ಹೋಗ್ತಾರೆ. ಹೊರಡೋ ಮೊದಲು ತಪ್ಪುಗಳನ್ನೆಲ್ಲ ಎಲ್ಲರೆದುರು ಹೇಳ್ಕೋತಾರೆ. ಹಿರಿಯರು ಮುಂದೆ ನಡೀತಾರೆ. ತಲೆ ಮಾತ್ರ ಕೊಯ್ದು ಬೇರು ಬಿಡ್ತಾರೆ, ಮತ್ತೆ ಚಿಗುರಲಿ ಅಂತ. ಅದು ಅವರ ಪೂಜೆ ಕಣೋ. ಪೆರುವಿನ ಗಿಡ ನಮ್ಮ ಟೆರೇಸ್‌ಗೆ ಬಂದಿದೆ, ಆ ಹಾಡು ಬಂದಿಲ್ಲ.”

“ನಿಮಗೆ ಅಣ್ಣನ್ನ ನೋಡ್ಬೇಕು ಅನ್ಸಲ್ವಾ?”

ಶೀಲಾಳ ಕೈ ಮೊಣಕೈಯವರೆಗೂ ಉರಿಯುತ್ತಿತ್ತು. ಹತ್ತು ತಿಂಗಳಲ್ಲಿ ಅವಳಿಗೆ ಸ್ಪಷ್ಟವಾಗಿ ತಿಳಿದ ಮೊದಲ ಸಂಗತಿ ಆ ಉರಿ. “ಅನ್ಸುತ್ತೆ,” ಎಂದಳು.

ಬಡಿತ ವಿರಳವಾಗಿ, ನಿಂತಿತು. ಮೇಲಿನಿಂದ ಹಗ್ಗ ಎರಡು ಸಲ ಅಲುಗಿತು. ಹುಲಿಯಪ್ಪನ ಸನ್ನೆ.

ಶೀಲಾ ಸೊಂಟದ ಹಗ್ಗವನ್ನು ಬಿಚ್ಚಿ ಪ್ರಣವನಿಗೆ ಕಟ್ಟಿದಳು; ಮೊದಲು ಅವನನ್ನು ಎಳೆದುಕೊಂಡರು. ಆಮೇಲೆ ಹಗ್ಗ ಮತ್ತೆ ಇಳಿಬಿಟ್ಟು ಅವಳನ್ನು. ಬಲಗೈ ಮರಗಟ್ಟಿ ಹಗ್ಗ ಹಿಡಿಯಲಿಲ್ಲ. ಎಡಗೈ, ಹಲ್ಲು, ಮೊಣಕಾಲು ಬಳಸಿ ಬಂದಳು. ರಸೂಲ್ ಸಾಬರ ಹುಬ್ಬಿನ ಮೇಲೂ ಒಂದು ಕುಟುಕಿತ್ತು.

“ನೋಡಿ, ಅತ್ತರ್ ಇನ್ನೂ ಹೋಗಿಲ್ಲ,” ಎಂದ ಹುಲಿಯಪ್ಪ.

ಜೇನಿನ ದಾರಿ ಬಿಟ್ಟು ಪೂರ್ವದ ಕಡೆಯಿಂದ ಸುತ್ತಿ ಇಳಿದರು. ಮುಳ್ಳು, ಜಾರು, ಎರಡರಷ್ಟು ದೂರ. ಪ್ರಣವನ ಒಂದು ಕೈ ರಸೂಲ್ ಸಾಬರ ಹೆಗಲ ಮೇಲಿತ್ತು. “ಎಡಗಾಲು ಕೆಳಗೆ ಬೇಟಾ. ಕಲ್ಲಿದೆ. ಈಗ ಬಲಗಾಲು,” ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ತಮ್ಮ ಮಗನ ವಿಷಯ ಎತ್ತಲಿಲ್ಲ. ಜೀಪು ಹತ್ತಿದ ಮೇಲೆ ಫೋನು ಬಂತು. ರೋಶನ್ ಬೀ. ರಾಹಿಲ್‌ಗೆ ಬೆಳಕು ತಿಳಿಯುತ್ತಿದೆ ಎಂದರು. ರಸೂಲ್ ಸಾಬ್ ಒಂದು ಕ್ಷಣ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು, ಆಮೇಲೆ ಗಾಡಿ ಸ್ಟಾರ್ಟ್ ಮಾಡಿದರು.

ಪ್ರಣವನನ್ನು ಅಂದೇ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಸಾಗಿಸಿದರು. ತೊಳೆದದ್ದು ತಡವಾದರೂ ತೊಳೆದದ್ದು ಒಳ್ಳೆಯದಾಯಿತು ಎಂದು ಡಾಕ್ಟರ್ ಹೇಳಿದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು.

ಮರುವಾರ ಪಟ್ಟಿ ಬಿಚ್ಚಿದರು. ಬಲಗಣ್ಣಿನಲ್ಲಿ ಅವನು ಗೋಡೆಯ ಚಾರ್ಟಿನ ಐದನೇ ಸಾಲಿನವರೆಗೆ ಓದಿದ. ಎಡಗಣ್ಣಿಗೆ ಬರೀ ಮಂಜು; ಅದು ಅಷ್ಟೇ ಉಳಿಯಬಹುದು ಎಂದರು ಡಾಕ್ಟರ್. ಶೀಲಾ ಔಷಧಿ ತೆಗೆದುಕೊಂಡು, ಅವನ ಜೊತೆ ಗೋಪಾಳದ ಸಿಟಿ ಬಸ್ ಹತ್ತಿದಳು. ಬಲಗಣ್ಣಿನ ಕಡೆಗೆ ಕಿಟಕಿ ಬರುವ ಸೀಟಿನಲ್ಲಿ ಅವನನ್ನು ಕೂರಿಸಿದಳು.