ಕತ್ತು ತಿರುಗಿಸದ ಹದ್ದು

"ಬೇಕಂತಲೇ ಕೆಟ್ಟ ಮೋಟಾರ್ ಕೊಟ್ಟೆ ಅಲ್ವಾ?"

ಜುರೆಮಾ ಅಂಗಡಿಯ ಹೊಸ್ತಿಲಲ್ಲೇ ನಿಂತು ಕೂಗಿದಳು. ಅವಳ ಅಂಗಿ ಕೆಂಪು. ಆ ಬೀದಿಯ ಗೋಡೆಗಳೆಲ್ಲ ನೀಲಿ. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ದೋಣಿಯ ರೇಡಿಯೊ ಬಿಚ್ಚಿಟ್ಟುಕೊಂಡು ಕೂತಿದ್ದ ಓಸಿಮಾರ್ ಮೆಲ್ಲಗೆ ಎದ್ದ.

"ಏನಾಯ್ತು? ಒಳಗೆ ಬಾ, ಕೂತು ಮಾತಾಡೋಣ."

"ನಾಳೆ ಸಂಜೆ ನನ್ನ ಹದ್ದು ಮೈದಾನಕ್ಕೆ ಹೋಗ್ಬೇಕು. ಕತ್ತು ತಿರುಗ್ತಿಲ್ಲ! ಗುಂಯ್ ಅನ್ನುತ್ತೆ, ನಡುಗುತ್ತೆ, ಅಷ್ಟೇ. ಅಪ್ಪ ಹೇಳಿದ್ದೇ ಸರಿ... ನೀನೂ ಎದುರಿನವನೇ. ಮೋಸಗಾರ!"

ಅಂಗಡಿಯೊಳಗಿದ್ದ ಅವನ ತಾಯಿ ದೋನಾ ಲಿಂಡಾಲ್ವಾ ಕೈಯಲ್ಲಿದ್ದ ಜಪಮಾಲೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಜುರೆಮಾ ತಿರುಗಿ ನಡೆದೇ ಹೋದಳು.

ಜೂನ್ ಬಂತೆಂದರೆ ಪರಿಂಟಿನ್ಸ್ ದ್ವೀಪ ಹೀಗೆಯೇ. ಎತ್ತಿನ ಹಬ್ಬಕ್ಕೆ ಊರು ಕೆಂಪು, ನೀಲಿ ಎಂದು ಎರಡು ಬಣವಾಗುತ್ತದೆ; ಬಣಕ್ಕೊಂದು ಎತ್ತು, ಮೈದಾನದಲ್ಲಿ ಬೊಂಬೆಗಳ ಪೈಪೋಟಿ. ಇವರು ಅವರ ಎತ್ತಿನ ಹೆಸರನ್ನೂ ಬಾಯಲ್ಲಿ ಎತ್ತುವುದಿಲ್ಲ. 'ಎದುರಿನದು' ಎನ್ನುತ್ತಾರೆ, ಅಷ್ಟೇ. ಗಂಡ ಹೆಂಡತಿಯರೇ ಮೈದಾನದಲ್ಲಿ ಬೇರೆ ಬೇರೆ ಕಡೆ ಕೂರುತ್ತಾರೆ.

ಹಾಗಿದ್ದೂ ಎರಡು ವರ್ಷಗಳಿಂದ ಈ ಇಬ್ಬರ ಮನಸ್ಸು ಒಂದಾಗಿತ್ತು. ಹಬ್ಬ ಮುಗಿದ ಮೇಲೆ ಅವಳ ತಂದೆಯ ಬಳಿ ಹೆಣ್ಣು ಕೇಳುವುದೆಂದು ಓಸಿಮಾರ್ ನಿಶ್ಚಯಿಸಿದ್ದ. ಹದ್ದು ಹಬ್ಬಕ್ಕೆಂದು ಜುರೆಮಾ ಸ್ವಂತವಾಗಿ ಕಟ್ಟಿದ ಮೊದಲ ದೊಡ್ಡ ಬೊಂಬೆ. ಅದರ ಕತ್ತಿಗೆ ಬೇಕಾದ ಮೋಟಾರನ್ನು, ಹೆಜ್ಜೆ ಎಣಿಸಿದಂತೆ ಇಷ್ಟಿಷ್ಟೇ ತಿರುಗುವ ಸ್ಟೆಪ್ಪರ್ ಮೋಟಾರನ್ನು, ಅವನೇ ಮನೌಸ್ ನಗರದಿಂದ ತರಿಸಿಕೊಟ್ಟಿದ್ದ.

'ಅವನು ಹಾಗೆ ಮಾಡುವವನಾ?' ದಾರಿಯುದ್ದಕ್ಕೂ ಅವಳ ಮನಸ್ಸು ಕೇಳುತ್ತಲೇ ಇತ್ತು. ಅವಳು ಕಣ್ಣು ಒರೆಸಿಕೊಂಡು ನಡೆದಳು.

ಗಂಟೆಯೊಳಗೆ ಕೆಂಪು ಬಣದವರು ಬೊಂಬೆ ಕಟ್ಟುವ ಕೊಟ್ಟಿಗೆಯ ಬಾಗಿಲಲ್ಲಿ ಓಸಿಮಾರ್ ನಿಂತಿದ್ದ. ನೀಲಿ ಅಂಗಿಯಲ್ಲಿ!

ಸುತ್ತಿಗೆಗಳೆಲ್ಲ ನಿಂತವು.

"ದಾರಿ ತಪ್ಪಿತಾ, ಮಗನೇ?" ಎಂದ ಜುರೆಮಾಳ ತಂದೆ, ಮೇಸ್ತ್ರಿ ಬೆನೆವಲ್ದೊ.

"ನಾನು ಕೊಟ್ಟ ಸಾಮಾನು, ಮೇಸ್ತ್ರಿ. ನಾನೇ ನೋಡ್ತೀನಿ."

"ಆ ಬಣ್ಣ ಹಾಕ್ಕೊಂಡು ಒಳಗೆ ಕಾಲಿಡೋ ಹಾಗಿಲ್ಲ."

"ಅಂಗಿ ಒಳಮೈ ಹೊರಗೆ ಮಾಡಿ ಹಾಕ್ಕೊಳ್ಲಾ?"

"ಒಳಮೈನೂ ನೀಲೀನೇ ಕಣೋ!" ಹೊಲಿಗೆಯಂತ್ರದ ಹಿಂದಿನಿಂದ ಜುರೆಮಾಳ ಸೋದರತ್ತೆ ಕ್ರೆಉಜಾ ನಕ್ಕಳು. "ತಗೋ, ನನ್ನ ಅಡುಗೆಯ ಮೇಲಂಗಿ. ಕೆಂಪಗಿದೆ, ಜೊತೆಗೆ ಹೂವೂ ಇದೆ. ನಿನಗೆ ಒಪ್ಪುತ್ತೆ."

ಎಲ್ಲರೂ ನಕ್ಕರು. ಅವನು ಅಂಗಿ ಕಳಚಿ ಅದನ್ನು ಕಟ್ಟಿಕೊಂಡ. ನಗದವಳು ಜುರೆಮಾ ಒಬ್ಬಳೇ. 'ಮೋಸ ಮಾಡಿದವನು ಇಷ್ಟು ಜನರ ನಗೆಯ ನಡುವೆ ಬಂದು ನಿಲ್ಲುತ್ತಾನಾ?'

ಹದ್ದು ಇನ್ನೂ ನೆಲದ ಮೇಲೆ ಮಲಗಿತ್ತು. ಅದರ ಕತ್ತಿನೊಳಗೆ ಇಬ್ಬರೂ ಬಗ್ಗಿ ಕೂತರು. ಅವನು ವಿದ್ಯುತ್ ತೆಗೆಸಿದ. ಮೋಟಾರನ್ನು ಹಲ್ಲುಚಕ್ರದಿಂದ ಬಿಡಿಸಿದ. ಅದನ್ನು ನಡೆಸುವ ಪೆಟ್ಟಿಗೆಯಿಂದ ಅದರ ನಾಲ್ಕು ತಂತಿಗಳನ್ನೂ ಕಳಚಿದ.

"ಮೋಟಾರಿನ ದಂಡವನ್ನ ಬೆರಳಲ್ಲಿ ತಿರುಗಿಸು."

"ಹಗುರವಾಗಿ ತಿರುಗುತ್ತೆ."

"ಹಾಗಾದ್ರೆ ಒಳಗೆ ಏನೂ ಸಿಕ್ಕಿಕೊಂಡಿಲ್ಲ. ಇದರಲ್ಲಿ ತಂತಿಯ ಎರಡು ಸುರುಳಿ ಇವೆ. ಒಂದೇ ಸುರುಳಿಯ ಎರಡು ತುದಿ ತಾಗಿಸಿದ್ರೆ ದಂಡ ಬಿಗಿಯಾಗುತ್ತೆ. ನಾನು ತಾಗಿಸ್ತೀನಿ, ನೀನು ತಿರುಗಿಸ್ತಾ ಹೇಳು."

ಅವನು ಹಸಿರು ತಂತಿಗೆ ಒಂದು ಕೆಂಪು ತಂತಿಯನ್ನು ತಾಗಿಸಿದ.

"ಈಗ?"

"ಹಗುರ."

ಹಸಿರಿಗೆ ಇನ್ನೊಂದು ಕೆಂಪು.

"ಈಗ?"

"ಅಯ್ಯೋ... ಬಿಗಿ! ಬೆರಳನ್ನೇ ಹಿಡಿದುಕೊಂಡ ಹಾಗಿದೆ!"

ಓಸಿಮಾರ್ ಹುಬ್ಬು ಗಂಟಿಕ್ಕಿದ.

"ನಾನು ಕೊಟ್ಟದ್ದರಲ್ಲಿ ಎರಡು ಕೆಂಪು ಇರಲಿಲ್ಲವಲ್ಲ, ಜುರೆಮಾ. ಕೆಂಪು, ಹಸಿರು, ಹಳದಿ, ನೀಲಿ. ಹಸಿರಿನ ಜೋಡಿ ಕೆಂಪು. ಹಳದಿಯ ಜೋಡಿ ನೀಲಿ. ಕಾಗದದಲ್ಲೂ ಬರೆದಿದ್ದೆ."

ಜುರೆಮಾ ಎರಡು ಕೆಂಪು ತಂತಿಗಳನ್ನೂ ದಿಟ್ಟಿಸಿದಳು.

ಆ ಕೊಟ್ಟಿಗೆಯೊಳಗೆ ನೀಲಿ ಎಂಬುದೇ ಇಲ್ಲ. ನೀರಿನ ಕೊಳವೆಗೂ ಕೆಂಪು ಬಟ್ಟೆ ಸುತ್ತುತ್ತಾರೆ. ಮೋಟಾರ್ ಬಂದ ದಿನ ಯಾರೂ ಹೇಳದೆಯೇ, ಯೋಚಿಸದೆಯೇ, ಅವಳು ನೀಲಿ ತಂತಿಗೆ ತುದಿಯವರೆಗೂ ಕೆಂಪು ಪಟ್ಟಿ ಸುತ್ತಿದ್ದಳು. ಆಮೇಲೆ ಜೋಡಿಸುವಾಗ ಅವಳ ಮುಂದೆ ಇದ್ದದ್ದು ಎರಡು ಕೆಂಪು...

ಹಸಿರಿಗೆ ನೀಲಿಯನ್ನು ಜೋಡಿಯಾಗಿ ಕೊಟ್ಟಿದ್ದಳು, ಹಳದಿಗೆ ಕೆಂಪನ್ನು. ಎರಡು ಸುರುಳಿಗಳೂ ಅಡ್ಡಾದಿಡ್ಡಿಯಾಗಿ ಎಳೆದಾಡಿ, ಮೋಟಾರ್ ನಿಂತಲ್ಲೇ ನಡುಗಿತ್ತು.

ಓಸಿಮಾರನ ಹೆಬ್ಬೆರಳು ದಪ್ಪಗಿದ್ದ ಆ ತಂತಿಯ ಮೇಲೆ ಬಂದು ನಿಂತಿತು. ಅವನಿಗೂ ತಿಳಿಯಿತು. ಹೊರಗೆ ಎಲ್ಲರೂ ಕಾಯುತ್ತಿದ್ದರು.

"ತಂತಿ ಸಡಿಲವಾಗಿತ್ತು ಅಂದುಬಿಡ್ತೀನಿ," ಅವನು ಪಿಸುಗುಟ್ಟಿದ. "ಅಷ್ಟಕ್ಕೇ ಮುಗಿಯುತ್ತೆ."

ಮುಗಿಯುತ್ತಿತ್ತು. ಆದರೆ ದೇವರು ಕೆಲವು ಗಳಿಗೆಗಳನ್ನು ಮನುಷ್ಯರ ಕೈಗೇ ಬಿಡುತ್ತಾನೆ. ಜುರೆಮಾ ಹದ್ದಿನ ಕತ್ತಿನಿಂದ ಹೊರಬಂದು ನೆಟ್ಟಗೆ ನಿಂತಳು.

"ಅಪ್ಪಾ, ಮೋಟಾರ್ ಚೆನ್ನಾಗೇ ಇದೆ. ನೀಲಿ ತಂತಿಗೆ ಕೆಂಪು ಸುತ್ತಿ, ಗುರುತು ಸಿಗದೆ ತಪ್ಪಾಗಿ ಜೋಡಿಸಿದ್ದು ನಾನು. ಇವನನ್ನ ಮೋಸಗಾರ ಅಂದೆ. ಅದು ಸುಳ್ಳು."

ಓಸಿಮಾರ್ ತಂತಿಗಳನ್ನು ಸರಿಯಾಗಿ ಸೇರಿಸಿ, ಮೋಟಾರನ್ನು ಹಲ್ಲುಚಕ್ರಕ್ಕೆ ಕೂರಿಸಿ, ವಿದ್ಯುತ್ ಹಾಕಿಸಿ ಗುಂಡಿ ಒತ್ತಿದ.

ಹದ್ದು ಮೆಲ್ಲಗೆ, ನಿದ್ದೆಯಿಂದ ಎದ್ದಂತೆ, ತಲೆಯನ್ನು ಅತ್ತ ಹೊರಳಿಸಿತು. ಮತ್ತೆ ಇತ್ತ!

ಮೇಸ್ತ್ರಿ ಹಣೆಯಿಂದ ಎದೆಯವರೆಗೆ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ:

"ನೀನು ಇವನನ್ನ ಬೈದದ್ದು ಎಲ್ಲಿ, ಮಗಳೇ?"

"ಅವನ ಬೀದಿಯಲ್ಲಿ... ಎಲ್ಲರೆದುರು."

"ಹಾಗಾದ್ರೆ ಇಲ್ಲಿ ಹೇಳಿ ಏನು ಪ್ರಯೋಜನ?"

ಅವಳು ನೇರವಾಗಿ ಬಾಗಿಲ ಕಡೆ ನಡೆದಳು. ಓಸಿಮಾರ್ ಹಿಂದೆಯೇ ಓಡಿದ.

"ನಿಲ್ಲು! ಈಗಲೇ ಬೇಕಾ? ಹಬ್ಬ ಮುಗೀಲಿ."

"ಕೋಪ ಬಂದಾಗ ಕಾದೆನಾ? ಈಗ ಯಾಕೆ ಕಾಯ್ಲಿ?" ಅವಳು ಹೆಜ್ಜೆ ನಿಲ್ಲಿಸಲಿಲ್ಲ. "ನಿಮ್ಮಮ್ಮ ನನ್ನನ್ನ ಕ್ಷಮಿಸ್ತಾರಾ?"

"ಎರಡು ಮಾತು ಬೈತಾಳೆ. ಆಮೇಲೆ ಊಟಕ್ಕೆ ಕೂರಿಸ್ತಾಳೆ."

"ಮತ್ತೆ ನೀನು?"

ಅವನು ಬೀದಿಯ ನಡುವೆ ನಿಂತ.

"ನೋವಾಯ್ತು, ಜುರೆಮಾ. ತುಂಬಾ... ನಾನು ನಿನಗೆ ಕೆಟ್ಟದ್ದು ಮಾಡ್ತೀನಿ ಅಂತ ಹೇಗೆ ಅನ್ನಿಸ್ತು?"

"ಅನ್ನಿಸಲಿಲ್ಲ. ನೀನು ಅಂಥವನಲ್ಲ ಅಂತ ನನ್ನ ಮನಸ್ಸು ಹೇಳ್ತಾನೇ ಇತ್ತು. ನಾನೇ ಕೇಳಲಿಲ್ಲ." ಅವಳು ತಲೆ ತಗ್ಗಿಸಿದಳು. "ಇನ್ನು ಮೇಲೆ ಮೊದಲು ನಿನ್ನನ್ನೇ ಕೇಳ್ತೀನಿ, ಓಸಿಮಾರ್. ಜೀವ ಇರೋವರೆಗೂ."

"ಜೀವ ಇರೋವರೆಗೂನಾ? ಅದನ್ನ ನಾನು ನಿಮ್ಮಪ್ಪನ ಹತ್ತಿರ ಕೇಳಬೇಕು ಅಂತಿದ್ದೆ."

"ಅವರನ್ನ ಆಮೇಲೆ ಕೇಳು. ನನ್ನನ್ನ ಈಗ ಕೇಳು."

ಅವನು ಕೇಳಿದ. ಅವಳು ಉತ್ತರದ ಬದಲು ಅವನ ಕೈ ಹಿಡಿದಳು. ಹಿಡಿದ ಕೈ ಬಿಡದೆಯೇ ಇಬ್ಬರೂ ಅವನ ತಾಯಿಯ ಬಾಗಿಲಿಗೆ ನಡೆದರು.