ತೆಗೆಯದೆ ಬಿಟ್ಟ ಕೇಬಲ್

"ಅಯ್ಯೋ, ಮುಟ್ಟಬೇಡಿ!"

ಅವನು ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಮೀಟರಿನ ಪ್ರೋಬ್ ಕಡ್ಡಿ ಜಾರಿ ಮೇಜಿನ ಮೇಲೆ ಬಿತ್ತು. ಚಿಪ್ ಕಂಪನಿಯಿಂದ ಸಹಾಯಕ್ಕೆಂದು ಬಂದ ಇಂಜಿನಿಯರ್ ಅಂತೆ. ಲ್ಯಾಬಿಗೆ ಕಾಲಿಟ್ಟವನೇ ಗದರಿಸುವುದೇ?

"ಕರೆಂಟ್ ಅಳೆಯೋ ಮೀಟರನ್ನ ಪ್ಲಸ್ಸು ಮೈನಸ್ಸಿಗೆ ನೇರ ಇಟ್ರೆ ಫ್ಯೂಸ್ ಹೋಗುತ್ತೆ ಮೇಡಂ. ಈ ಜಂಪರ್ ಕೊಂಡಿ ತೆಗೆದು, ಆ ಜಾಗದಲ್ಲಿ ಮೀಟರ್ ಸೇರಿಸಿ. ಚಿಪ್ಪಿಗೆ ಹೋಗೋದೆಲ್ಲ ಇದರ ಮೂಲಕವೇ ಹೋಗ್ಬೇಕು."

ಅವಳ ಮುಖ ಕೆಂಪಾಯಿತು. ಗೊತ್ತಿಲ್ಲದ್ದೇನಲ್ಲ, ಗಡಿಬಿಡಿಯಲ್ಲಿ ಆದದ್ದು. ಹಾಗೆಂದು ಹೇಳೋಣವೆಂದರೆ ಅವನ ಕಣ್ಣುಗಳು ಬಿಡಬೇಕಲ್ಲ!

ರೋಗಿಯ ಮೈಗೆ ಅಂಟಿಸುವ ಪುಟ್ಟ ಥರ್ಮಾಮೀಟರಿಗೆ ಆ ಚಿಪ್ ಬೇಕಿತ್ತು. ಕೆಲಸವಿಲ್ಲದೆ ನಿದ್ದೆಯಲ್ಲಿರುವಾಗ ಚಿಪ್ ಎರಡು ಮೈಕ್ರೋಆಂಪಿಗಿಂತ ಹೆಚ್ಚು ಕರೆಂಟ್ ಎಳೆಯಬಾರದು. ಅಷ್ಟು ಸರಿಹೋದ ದಿನ ಅವನು ತನ್ನ ಊರಿಗೆ ವಾಪಸ್.

ಸರಿಹೋಗಲೇ ಇಲ್ಲ! ಅವನು ಪ್ರೋಗ್ರಾಂ ತಿದ್ದುತ್ತಿದ್ದ, ಅವಳು ಅಳೆಯುತ್ತಿದ್ದಳು, ಮೀಟರ್ ಮಾತ್ರ ನೂರರ ಕೆಳಗೆ ಇಳಿಯದು. ಒಂದೇ ಬೋರ್ಡಿನ ಮೇಲೆ ಇಬ್ಬರೂ ಬಾಗಿದಾಗ ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಏನ್ರಮ್ಮಾ, ನಿಮ್ಮ ಕೂಸು ಇನ್ನೂ ಮಲಗಿಲ್ವಾ?" ಎಂದು ಮ್ಯಾನೇಜರ್ ದಿನವೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮಲಗದಿರಲಿ ದೇವರೇ... ಇನ್ನೊಂದೇ ಒಂದು ದಿನ! ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಮನೆಗೆ ಹೋದರೂ ಜೀವವೆಲ್ಲ ಲ್ಯಾಬಿನಲ್ಲೇ.

ಒಂದು ಬೆಳಿಗ್ಗೆ ಅವನ ಮುಖದಲ್ಲಿ ನಗುವಿರಲಿಲ್ಲ. ಬಂದವನೇ ಬೋರ್ಡಿನಿಂದ ಬೂದು ಕೇಬಲ್ ಕಿತ್ತ. ಪ್ರೋಗ್ರಾಂ ತುಂಬಿಸುವ ಕೇಬಲ್ ಅದು. ಅಳೆಯುವಾಗಲೂ ಹಾಗೇ ಬಿಟ್ಟರೆ ಚಿಪ್ಪಿಗೆ ಪೂರ್ತಿ ನಿದ್ದೆ ಹತ್ತುವುದಿಲ್ಲ. ಮೀಟರ್ ಇಳಿಯಿತು... ಒಂದೂವರೆ ಮೈಕ್ರೋಆಂಪಿಗೆ ಬಂದು ನಿಂತಿತು.

"ಮುಗೀತು ನೋಡಿ. ಸಂಜೆ ಬಸ್ಸಿಗೆ ಹೊರಡ್ತೀನಿ."

ಇಷ್ಟೇನಾ? ಇಷ್ಟು ಸುಲಭವಾ ಇವನಿಗೆ?

"ಕೇಬಲ್ ಇವತ್ತೇ ಯಾಕೆ ತೆಗೆದ್ರಿ?" ಅವಳು ಕೇಳಿದಳು. "ಮೊದಲನೇ ದಿನದಿಂದ ಅಲ್ಲೇ ಇತ್ತು. ನನಗೂ ಕಣ್ಣಿದೆ."

ಅವನು ತಬ್ಬಿಬ್ಬಾದ. "ಗೊತ್ತಿದ್ದೂ ಸುಮ್ಮನಿದ್ರಾ?"

"ನೀವು ಗೊತ್ತಿದ್ದೂ ತೆಗೀಲಿಲ್ವಲ್ಲ!"

ಅವನು ತಲೆತಗ್ಗಿಸಿ ಹೇಳಿದ. "ಕೆಲಸ ಮುಗಿದ್ರೆ ನಿಮ್ಮನ್ನ ನೋಡೋಕೆ ಬೇರೆ ನೆಪ ಇರಲಿಲ್ಲ. ಆದ್ರೆ ನಿನ್ನೆ ಫೋನಲ್ಲಿ ಮದುವೆ ದಿನ ಗೊತ್ತಾಯ್ತು ಅಂತಿದ್ರಿ. ಇನ್ನು ಯಾವ ಮುಖ ಇಟ್ಕೊಂಡು ಇಲ್ಲಿರ್ಲಿ?"

"ಮದುವೆ ನನ್ನ ತಂಗಿದು ಕಣ್ರೀ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನನ್ನನ್ನ ಇನ್ನೂ ಯಾರೂ ಕೇಳಿಲ್ಲ."

"ನಾನು ಕೇಳಿದ್ರೆ...?"

ಅವಳು ಅವನ ಕೈಯಲ್ಲಿದ್ದ ಕೇಬಲ್ ತೆಗೆದುಕೊಂಡು ನಿಧಾನವಾಗಿ ಸುತ್ತತೊಡಗಿದಳು.

ಅವನಿಗೆ ಧೈರ್ಯ ಬಂತು. "ರೀಡಿಂಗ್ ಸರಿಬಂದಿಲ್ಲ, ಇನ್ನೂ ನಾಲ್ಕು ದಿನ ಬೇಕು ಅಂತ ಮ್ಯಾನೇಜರಿಗೆ ಹೇಳ್ಲಾ?"

"ಬೇಡ, ಆ ನೆಪ ಸಾಕು. ಸಂಜೆ ಬಸ್ಸಿಗೆ ಹೋಗ್ಬೇಡಿ, ನಮ್ಮ ಮನೆಗೆ ಬನ್ನಿ. ಅಪ್ಪನ ಹತ್ರ ಇದ್ದದ್ದನ್ನ ಇದ್ದ ಹಾಗೆ ಹೇಳಿ."

"ಅವರು ಗದರಿದ್ರೆ?"

"ಗದರಲಿ ಬಿಡಿ," ಎಂದು ಅವಳು ಅವನ ಬೆರಳುಗಳನ್ನು ಮೆಲ್ಲನೆ ಹಿಡಿದುಕೊಂಡಳು. "ನಾನು ನಿಮಗೆ ಸೋತಿದ್ದೂ ಗದರಿಸಿಕೊಂಡೇ ಅಲ್ವಾ?"