ಕ್ಯಾಪ್ಟನ್ ಲಾಸ್ಕೋಂಬನ ಕಿವಿ

"ಈ ಸಲ ನಿನ್ನ ಗಂಡನಿಗೇ ಆರು ಫಿರಂಗಿಗಳ ದಳ ಕೊಡಿಸ್ತಿದೀನಿ, ಹ್ಯಾರಿಯೆಟ್" ಎಂದು ಕರ್ನಲ್ ಪಾಂಫ್ರೆಟ್ ಊಟದ ಮೇಜಿನಲ್ಲಿ ಹೇಳಿದಾಗ, ಮಗಳ ಕೈಯ ಚಮಚ ಬಟ್ಟಲಿಗೆ ಬಿತ್ತು.

ಕುದುರೆ ಪಡೆಯಲ್ಲಾದರೆ ದುಡ್ಡು ಸುರಿದು ಹುದ್ದೆ ಕೊಳ್ಳಬಹುದು. ನಮ್ಮ ವುಲಿಚ್‌ನ ಫಿರಂಗಿ ಪಡೆಯಲ್ಲಿ ಆ ವ್ಯಾಪಾರವಿಲ್ಲ; ಮೇಲಿನವನು ಜಾಗ ಬಿಡುವ ತನಕ ಕಾಯಬೇಕು. ಹ್ಯಾರಿಯೆಟ್‌ಳ ಗಂಡ, ಬಡ ಪಾದ್ರಿಯ ಮಗ ಎಡ್ವಿನ್ ಲಾಸ್ಕೋಂಬ್, ಹಾಗೆ ಕಾಯುತ್ತಲೇ ತಲೆ ನರೆಸಿಕೊಂಡಿದ್ದ. ಮಾವನ ಚುಚ್ಚುಮಾತುಗಳನ್ನೆಲ್ಲ ನುಂಗಿಕೊಂಡಿದ್ದ. ಈಗ ರಷ್ಯದ ಮೇಲೆ ಯುದ್ಧ. ಅವನ ಕಾಲ ಬಂದಿತ್ತು.

ಆದರೆ ಫಿರಂಗಿಗಳ ಸದ್ದು ಅವನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಅದು ಗೊತ್ತಿದ್ದವಳು ಹ್ಯಾರಿಯೆಟ್ ಒಬ್ಬಳೇ. ಯಾರಾದರೂ ಅವನನ್ನು ಮಾತಾಡಿಸಿದರೆ ಮೇಜಿನಡಿ ಅವನ ಪಾದ ಒತ್ತುತ್ತಿದ್ದಳು. ಅವನು ತಲೆಯೆತ್ತಿ ತುಟಿ ನೋಡಿ ಉತ್ತರಿಸುತ್ತಿದ್ದ. ಹೋದ ವಾರ ಜೌಗುಬಯಲಿನ ಅಭ್ಯಾಸದಲ್ಲಿ, ಗುಂಡು ನಿಲ್ಲಿಸುವ ಕಹಳೆ ಊದಿದ ಮೇಲೂ ಅವನು ಫಿರಂಗಿ ಹಾರಿಸುವ ಸನ್ನೆಗೆ ಕೈಯೆತ್ತಿದ್ದ. ಗುರಿಯ ಬಳಿ ಆಗಲೇ ಇಬ್ಬರು ಸಿಪಾಯಿಗಳು ನಡೆದುಹೋಗುತ್ತಿದ್ದರು... ಸಾರ್ಜೆಂಟ್ ಕೈ ಹಿಡಿದದ್ದರಿಂದ ಉಳಿದರು. ಏರಿಯ ಮೇಲಿಂದ ಅದನ್ನು ಕಂಡ ಹ್ಯಾರಿಯೆಟ್, ನಿಜ ಹೇಳಿಬಿಡಿ ಎಂದು ಅತ್ತು ಬೇಡಿಕೊಂಡಿದ್ದಳು. ಯುದ್ಧ ಮುಗಿಯಲಿ ಎಂದಿದ್ದ ಅವನು.

ಕರ್ನಲ್ ಕುರಿಮಾಂಸ ಕೊಯ್ಯುತ್ತಾ ಕೇಳಿದ: "ಏನ್ರೀ ಅಳಿಯಂದ್ರೇ, ಶುಕ್ರವಾರ ಹಡಗು. ಹೊರಡ್ತೀರಾ?"

ಎಡ್ವಿನ್ ತಟ್ಟೆ ನೋಡುತ್ತಿದ್ದ. ಹ್ಯಾರಿಯೆಟ್ ತನ್ನ ಪಾದವನ್ನು ಹಿಂದಕ್ಕೆಳೆದುಕೊಂಡಳು. ಕರ್ನಲ್ ಇನ್ನೊಮ್ಮೆ ಕೇಳಿದ. ಅಳಿಯ ಆಲೂಗಡ್ಡೆಗೆ ಉಪ್ಪು ಹಾಕಿಕೊಂಡ.

"ಅವರಿಗೆ ಕೇಳಿಸಲ್ಲ ಅಪ್ಪಾ... ಎರಡು ವರ್ಷದಿಂದ."

"ಗಂಡನ ಅನ್ನಕ್ಕೆ ಮಣ್ಣು ಹಾಕ್ತಿದೀಯ, ಗೊತ್ತಾಗ್ತಿದೆಯಾ?"

"ಗೊತ್ತು. ಆ ಫಿರಂಗಿ ಮುಂದೆ ಓಡಾಡೋ ಹುಡುಗರಿಗೂ ಮನೇಲಿ ಕಾಯೋರಿದ್ದಾರೆ."

ಕರ್ನಲ್ ಅಳಿಯನ ಭುಜ ತಟ್ಟಿ, ಮುಖಕ್ಕೆ ಮುಖ ಕೊಟ್ಟು ಕೇಳಿದ. "ನಿಮಗೆ ಕಿವಿ ಕೇಳಿಸಲ್ವಂತೆ. ಯುದ್ಧಕ್ಕೆ ಹೆದರಿ ಸುಳ್ಳು ಹೇಳ್ತಿದಾಳೆ, ಅಲ್ವಾ? ಹೂಂ ಅಂದ್ಬಿಡಿ, ಸಾಕು."

ಎಡ್ವಿನ್ ಹೆಂಡತಿಯ ಕಡೆ ನೋಡಿದ. ಅವನ ಕಣ್ಣಲ್ಲಿ ಬೆಂಕಿಯಿತ್ತು. ಒಂದು 'ಹೂಂ' ಅಂದರೆ ಆರು ಫಿರಂಗಿ ಅವನವು. ಹೆಂಗಸಿನ ಮಾತನ್ನು ನಂಬುವವರು ಆ ಕೋಣೆಯಲ್ಲಿರಲಿಲ್ಲ. ಹ್ಯಾರಿಯೆಟ್ ಕಣ್ಣು ತಗ್ಗಿಸಲಿಲ್ಲ.

ಅವನು ಎದ್ದು ನೆಟ್ಟಗೆ ನಿಂತ.

"ಇಲ್ಲ ಸರ್. ಅವಳು ಹೇಳಿದ್ದು ನಿಜ. ದಳ ಬೇರೆಯವರಿಗೆ ಕೊಡಿ."

ಶುಕ್ರವಾರ ಅವನಿಗಿಂತ ಕಿರಿಯನೊಬ್ಬ ಆ ದಳವನ್ನು ಹಡಗು ಹತ್ತಿಸಿದ. ಗಂಡ ಹೆಂಡತಿ ಬಂದರಿನ ಕಟ್ಟೆಯ ಮೇಲೆ ನಿಂತು ನೋಡಿದರು. ಎಡ್ವಿನ್‌ನ ಕೆನ್ನೆ ಒದ್ದೆಯಾಗಿತ್ತು.

"ನನ್ನ ಮೇಲೆ ಸಿಟ್ಟಿದೆಯಾ?" ಎಂದಳು, ಅವನೆದುರು ಬಂದು ನಿಂತು.

"ಇದೆ. ಹೋಗುತ್ತೆ. ಸೋಮವಾರದಿಂದ ಹೊಸಬರಿಗೆ ಗುರಿ ಹಿಡಿಯೋದು ಕಲಿಸ್ತೀನಿ ಅಂತ ನಿಮ್ಮಪ್ಪನಿಗೆ ಹೇಳಿದೀನಿ. ಕಣ್ಣು ಇನ್ನೂ ನನ್ನದೇ ತಾನೆ?"

ಕಿವುಡರಂತೆ ಗಟ್ಟಿಯಾಗಿ ಹೇಳಿದ್ದ. ಕಟ್ಟೆಯ ಮೇಲಿದ್ದ ಜನವೆಲ್ಲ ತಿರುಗಿ ನೋಡಿತು. ಹ್ಯಾರಿಯೆಟ್ ಅವನ ದನಿ ತಗ್ಗಿಸಲು ಹೋಗಲಿಲ್ಲ. ತಾನೂ ಅಷ್ಟೇ ಗಟ್ಟಿಯಾಗಿ, "ಹೌದು" ಎಂದಳು.